ಹಾಲ್ ತುಂಬ ಹುಡುಗ್ರು, ಒಬ್ಬೊಬ್ಬರನ್ನ ನೋಡೋರು ಯಾರ್ರೀ?

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಪಿಎಸ್ಐ, ಕೆಎಎಸ್, ಎಫ್‌ಡಿಎ ಹಿಂಗ ಯಾವುದರೆ ಸರಕಾರಿ ನೌಕರಿ ಪರೀಕ್ಷೆ ರಿಸಲ್ಟ್ ಬಂದ ಮರುದಿನ ನಿಮ್ಮ ಪೇಪರಿನ್ಯಾಗ ಪಾಸಾದವರ ಸಣ್ಣ ಸಣ್ಣ ಫೋಟೋ ತುಂಬಿದ ಜಾಹೀರಾತು ಬರ್ತಾವ, ಒಮ್ಮೊಮ್ಮೆ ಒಂದೇ ಹುಡುಗಿ ಫೋಟೋ ಮೂರು ಸಂಸ್ಥೆಯವ್ರ ಜಾಹೀರಾತಿನ್ಯಾಗ ಇರ್ತೈತಿ, ಮೂರೂ ಮಂದಿ ಈಕಿ ನಮ್ಮ ಸ್ಟೂಡೆಂಟ್ ಅಂತಾರ. ಇರ್ಲಿ ಬಿಡ್ರಿ, ಅದು ಅವ್ರ ವ್ಯಾಪಾರ. ನಾ ವಿಜಯಪುರದಾಗ ಒಂದು ಸಣ್ಣ ರೀಡಿಂಗ್ ರೂಮ್ ನಡಸ್ತೀನಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಅತ್ತ ಜಮಖಂಡಿ, ಬೀಳಗಿ ಕಡೆಯಿಂದ ಬಂದ ಹುಡುಗ್ರು ಮುಂಜಾನೆ ಬಾಗಿಲ ತೆಗಿಯೂದ್ರಾಗ ಬ್ಯಾಗ್ ಹಿಡ್ಕೊಂಡು ನಿಂತಿರ್ತಾರ. ಹೊಲದ ಮ್ಯಾಲೆ ಸಾಲ ತಗೊಂಡು ಕಳಿಸಿದ ತಂದಿ-ತಾಯಿ ಇರ್ತಾರ. ಇವ್ರ ಹತ್ರ ನೋಟ್ಸ್ ಐತಿ, ಟೆಸ್ಟ್ ಸೀರೀಸ್ ಐತಿ, ಮೊಬೈಲ್‌ನ್ಯಾಗ ನಾಲ್ಕೈದು ಆ್ಯಪ್ ಅದಾವ. ಆದ್ರ ಹೋದ ವಾರ ಏನ್ ಓದ್ತೀನಿ ಅಂದಿದ್ದಿ, ಏನ್ ಓದಿದಿ, ಯಾಕ ಬಿಟ್ಟಿ ಅಂತ ಎದುರಿಗೆ ಕುಂತು ಕೇಳೋ ಒಬ್ಬ ಮನುಷ್ಯಾ ಇಲ್ಲ. ಅಂಥಾ ಕೋಚ್ ಓದೋರಿಗೂ ಬೇಕು, ಇಷ್ಟ ಹೇಳಾಕ ಈ ಪತ್ರ.

ಕ್ಲಾಸಿನ ಮಾಸ್ತರ್ರು ಕೆಟ್ಟವ್ರು ಅಂತ ನಾ ಹೇಳಂಗಿಲ್ಲ, ಭಾಳ ಚೊಲೊ ಕಲಸೋರು ನಮ್ಮೂರಾಗ ಅದಾರ. ಆದ್ರ ಮುನ್ನೂರು ಮಂದಿ ಕುಂತ ಹಾಲ್‌ನ್ಯಾಗ ಮೈಕ್ ಹಿಡಿದು ಸಂವಿಧಾನ ಕಲಸೋರಿಗೆ ಹಿಂದಿನ ಬೆಂಚಿನ ಹುಡುಗ ಒಂದು ತಿಂಗಳಿಂದ ಒಂದೇ ಚಾಪ್ಟರ್ ಹೊಳ್ಳಿ ಹೊಳ್ಳಿ ಓದಾಕತ್ತಾನ, ಗಣಿತ ಅಂದ್ರ ಅಂಜಿ ಪುಸ್ತಕಾನ ತೆಗಿಯಂಗಿಲ್ಲ ಅನ್ನೂದು ಹೆಂಗ ಗೊತ್ತಾಗಬೇಕು? ಕಲಸೂದು ಒಂದು ಕೆಲಸ, ಕಲಿಯೋನ್ನ ನೋಡೂದು ಇನ್ನೊಂದು. ಎರಡನೇದಕ್ಕ ಆಟದ ಮೈದಾನದಾಗ ಕೋಚ್ ಅಂತ ಒಬ್ಬ ಇರ್ತಾನ, ಓದೋರಿಗೆ ಆ ಜಾಗ ಖಾಲಿ.

ನಂಬಿಕಿ ಇಲ್ಲಂದ್ರ ಒಂದಿನ ನಸುಕಿನ್ಯಾಗ ಎದ್ದು ಊರ ಹೊರಗ ರೋಡಿಗೆ ಹೋಗಿ ನಿಂದರ್ರಿ. ವಿಜಯಪುರ-ಬಾಗಲಕೋಟಿ ಅಂದ್ರ ಸೈಕ್ಲಿಂಗ್, ಇದನ್ನ ನಿಮಗ ಹೇಳಬೇಕಾಗಿಲ್ಲ, ಇತ್ತ ಬೆಳಗಾವಿ ಜಿಲ್ಲೆ ಚಂದರಗಿ ಕ್ರೀಡಾ ಶಾಲಿ ಹುಡುಗ್ರೂ ಕಮ್ಮಿ ಇಲ್ಲ. ಹುಡುಗ್ರು ಸಾಲಾಗಿ ಸೈಕಲ್ ಹೊಡಕೋತ ಹೊಂಟಿರ್ತಾರ, ಹಿಂದ ಬೈಕ್ ಮ್ಯಾಲೆ ಕೋಚ್. ಒಮ್ಮೆ ನನ್ನ ಕಣ್ಣಮುಂದ ಒಬ್ಬ ಹೊಸ ಹುಡುಗ ಭಾರೀ ಗೇರ್ ಹಾಕ್ಕೊಂಡು ಮೈಯೆಲ್ಲಾ ಅಲಗಾಡ್ಸಿ ಪೆಡಲ್ ತುಳಿಯಾಕತ್ತಿದ್ದ, ಜೋರು ಕಾಣ್ತೈತಿ ಖರೆ, ನೋಡೋರಿಗೆ ಶಾಭಾಸ್ ಅನಸ್ತೈತಿ. ಕೋಚ್ ಬೈಕ್ ಬಾಜೂಕ ತಂದು "ಗೇರ್ ಇಳಿಸೋ, ಕಾಲು ತಿರುಗ್ಲಿ" ಅಂದ್ರು. ಆಮೇಲೆ ರೋಡ್ ಬಾಜೂಕ ನಿಲ್ಲಿಸಿ ಪೆಡಲ್ ಪೂರ್ತಿ ಕೆಳಗ ಇದ್ದಾಗ ಅವನ ಮೊಣಕಾಲು ಎಷ್ಟು ಬಗ್ಗೈತಿ ನೋಡಿದ್ರು, ಕಿಸೆದಾಗಿನ ಎಲ್-ಕೀ ತೆಗೆದು ಸೀಟು ಒಂದು ಬೆರಳಷ್ಟು ಏರಿಸಿದ್ರು. ಸೀಟು ಕೆಳಗ ಇದ್ರ ಮೊಣಕಾಲಿನ ಮುಂದ ನೋವು ಬರ್ತೈತಿ, ಭಾಳ ಮ್ಯಾಲಿದ್ರ ಸೊಂಟ ಅತ್ತಿತ್ತ ಹೊಯ್ದಾಡ್ತೈತಿ ಅಂತ ಆ ಹುಡುಗಗ ಹೇಳಾಕತ್ತಿದ್ರು. ನೋಡ್ರಿ, ಹುಡುಗನ ದಮ್ಮಿಗೆ ಏನೂ ಕಮ್ಮಿ ಇರಲಿಲ್ಲ, ಆದ್ರ ತನ್ನ ಕಾಲನ್ನ ತಾನ ಹಿಂದಿನಿಂದ ನೋಡ್ಕೊಳ್ಳಾಕ ಆಗಂಗಿಲ್ಲಲ್ಲ. ಹಂಗ ಬಿಟ್ಟಿದ್ರ ಎರಡು ವರ್ಷದಾಗ ಮೊಣಕಾಲು ಹೋಗಿ ಊರಿಗೆ ವಾಪಸ್ ಬರ್ತಿದ್ದ, ಮನಿಮಂದಿ ನಶೀಬ ಅಂತಿದ್ರು.

ಕುಸ್ತಿ ಮಂದಿಗೆ ಇದು ಮೊದಲಿಂದ ಗೊತ್ತೈತಿ. ವಸ್ತಾದ ಅಂದ್ರ ಕುಸ್ತಿ ಕಲಸೋ ಗುರು, ಅವ್ರಿಲ್ಲದ ಗರಡಿಮನಿ ನಮ್ಮ ಕಡೆ ಯಾರರೆ ನೋಡೀರೇನು? ಬಾಗಲಕೋಟಿಯ ಅರ್ಜುನ ಹಲಕುರ್ಕಿ 2020ರಾಗ ದಿಲ್ಲಿಯ ಏಷ್ಯನ್ ಚಾಂಪಿಯನ್‌ಶಿಪ್‌ನ್ಯಾಗ 55 ಕೆಜಿ ಗ್ರೀಕೋ-ರೋಮನ್‌ನ್ಯಾಗ ಕಂಚು ಹೊಡದ್ರು. ಗ್ರೀಕೋ-ರೋಮನ್ ಅಂದ್ರ ಸೊಂಟದ ಕೆಳಗ ಹಿಡಿಯಂಗಿಲ್ಲ, ಕಾಲು ಹಾಕಂಗಿಲ್ಲ, ಮಣ್ಣಿನ್ಯಾಗ ಆಡಿ ಬೆಳದ ಹುಡುಗಗ ಆ ಆಟ ಅಂದ್ರ ಅರ್ಧ ಪಟ್ಟು ಮರೆತು ಹೊಸದು ಕಲಿಯೂದು. ಬೆಳಗಾವಿ ತುರಮರಿಯ ಮಲಪ್ರಭಾ ಜಾಧವ್ ರೈತರ ಮನಿ ಹುಡುಗಿ, ಕಲ್ತದ್ದು ಜುಡೋ, 2018ರ ಜಕಾರ್ತ ಏಷ್ಯನ್ ಗೇಮ್ಸ್‌ನ್ಯಾಗ ಕಂಚು ಗೆದ್ದಿದ್ದು ಕುರಾಶ್ ಅನ್ನೋ ಮಧ್ಯ ಏಷ್ಯಾದ ಕುಸ್ತಿಯಾಗ, ಏಷ್ಯನ್ ಗೇಮ್ಸ್‌ಗೆ ಆ ಆಟ ಬಂದಿದ್ದ ಅದೇ ಮೊದಲ ಸಲ. ಇಂಥಾದ್ದೊಂದು ಆಟ ಐತಿ, ನಿನ್ನ ಮೈಗೆ ಇದು ಹೊಂದ್ತೈತಿ ಅಂತ ಒಂದು ಹಳ್ಳಿ ಹುಡುಗಿಗೆ ತಾನಾಗೇ ಗೊತ್ತಾಗ್ತೈತೇನ್ರಿ? ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ್ಯಾಗ ಸೆಕೆಂಡಿನ ನೂರರ ಒಂದು ಪಾಲಿನಿಂದ ಕಂಚು ಕಳ್ಕೊಂಡಿದ್ದು 400 ಮೀಟರ್ ಹರ್ಡಲ್ಸ್‌ನ್ಯಾಗ, ಅದು ಎಲ್ಲಾರಿಗೂ ನೆನಪೈತಿ. ಶಾಲಿ ಹುಡುಗಿ ಇದ್ದಾಗಿಂದ ಆಕಿನ್ನ ತಯಾರು ಮಾಡಿದ ಓ.ಎಂ. ನಂಬಿಯಾರ್ ಹೆಸರು ಎಷ್ಟು ಮಂದಿಗೆ ನೆನಪೈತಿ? 1985ರಾಗ ಕೋಚ್‌ಗಳಿಗೆ ಕೊಡೋ ದ್ರೋಣಾಚಾರ್ಯ ಪ್ರಶಸ್ತಿ ಶುರು ಆದಾಗ ಮೊದಲ ಸಾಲಿನ್ಯಾಗ ಅವ್ರು ಇದ್ರು.

ಇದೆಲ್ಲಾ ಆಟಕ್ಕ ಸರಿ, ಓದಾಕ, ನೌಕರಿಗೆ ಯಾಕ ಕೋಚು ಅಂತೀರಿ. ಅಮೆರಿಕದ ಬಾಸ್ಟನ್‌ನ್ಯಾಗ ಅತುಲ್ ಗವಾಂಡೆ ಅಂತ ಹೆಸರಾದ ಸರ್ಜನ್ ಅದಾರ, ಮಹಾರಾಷ್ಟ್ರದ ಮೂಲದವ್ರು. ಎಂಟು ವರ್ಷ ಸರ್ಜರಿ ಮಾಡಿದ ಮ್ಯಾಲೆ ತಾನು ಮುಂದ ಸರೀವಲ್ಲೆ ಅನಿಸಿ ರಿಟೈರ್ ಆದ ತಮ್ಮ ಹಳೇ ಗುರುಗಳನ್ನ ಕರೆಸಿ, ನಾ ಆಪರೇಷನ್ ಮಾಡೂ ಮುಂದ ಸುಮ್ನ ನಿಂತು ನೋಡ್ರಿ ಅಂದ್ರಂತ. ಆ ಗುರುಗಳು ಕಂಡಿದ್ದು ದೊಡ್ಡ ದೊಡ್ಡ ತಪ್ಪಲ್ಲ. ಮೊಣಕೈ ಒಮ್ಮೊಮ್ಮೆ ಭುಜದ ಮಟ್ಟಕ್ಕ ಏರ್ತೈತಿ, ಮ್ಯಾಲಿನ ಲೈಟು ಗಾಯದಿಂದ ಸರಿದು ಅರ್ಧ ತಾಸು ಆಗಿತ್ತು, ನಿನಗ ಗೊತ್ತಾಗಿಲ್ಲ, ಇಂಥಾವು. ಅಷ್ಟು ಕಲ್ತ ಡಾಕ್ಟರಿಗೇ ಹೊರಗಿನ ಕಣ್ಣು ಬೇಕಾತು, ನಮ್ಮ ತಾಳಿಕೋಟಿ ಹುಡುಗಗ ಬ್ಯಾಡೇನು?

ಓದೂದ್ರಾಗೂ ಹಂಗ. ನಮ್ಮ ರೂಮಿಗೆ ಬರೋ ಒಬ್ಬಾಕಿ ಯುಪಿಎಸ್‌ಸಿ ಮೇನ್ಸ್ ಸಲುವಾಗಿ ದಿನಾ ಉತ್ತರ ಬರೀತಿದ್ಲು, ಪಾಪ ಮಾರ್ಕ್ಸ್ ಮ್ಯಾಲೆ ಏರವಲ್ದು. ಜನರಲ್ ಸ್ಟಡೀಸ್‌ನ ಮೊದಲ ಮೂರು ಪೇಪರ್‌ನ್ಯಾಗ ಒಂದೊಂದಕ್ಕ ಮೂರು ತಾಸಿಗೆ 20 ಪ್ರಶ್ನೆ, ಒಂದಕ್ಕ ಲೆಕ್ಕ ಹಾಕಿದ್ರ ಒಂಬತ್ತು ನಿಮಿಷ. ನನ್ನ ಗುರ್ತಿನ ರಿಟೈರ್ಡ್ ಲೆಕ್ಚರರ್ ಒಬ್ರು ಆಕಿ ಮುಂದ ಗಡಿಯಾರ ಇಟ್ಕೊಂಡು ಕುಂತ್ರು. ಪ್ರಶ್ನೆ ಓದಿದ ಮ್ಯಾಲೆ ಆಕಿ ಪೀಠಿಕಿ ಬರಿಯಾಕ ನಾಕು ನಿಮಿಷ ತಗೋತಿದ್ಲು, ಚಂದ ಚಂದ ಸಾಲು, ಕೇಳಿದ್ದಕ್ಕ ಉತ್ತರ ಬರೂದ್ರಾಗ ಟೈಮ್ ಮುಗೀತಿತ್ತು. ಸರ್ ಹೇಳಿದ್ದು ಇಷ್ಟ: "ತಂಗಿ, ಎರಡು ಸಾಲಿನ್ಯಾಗ ವಿಷಯಕ್ಕ ಬಾ, ಮುಂದಿನ ವಾರ ಇದೊಂದ ನೋಡ್ತೀನಿ ನಾ." ಬ್ಯಾರೆ ಹತ್ತು ತಪ್ಪು ಅವ್ರಿಗೆ ಕಂಡಿದ್ವು, ಆಮೇಲೆ ನನ್ನ ಮುಂದ ಹೇಳಿದ್ರು, ಆದ್ರ ಆಕಿಗೆ ಹೇಳಲಿಲ್ಲ. ಮುಂದಿನ ವಾರ ಖರೇನ ಬಂದು ಅದನ್ನೊಂದ ನೋಡಿದ್ರು. ದೊಡ್ಡ ಗುರಿ ಅಂತ ಗ್ವಾಡಿಗೆ ಐಎಎಸ್ ಅಂತ ಬರದು ಹಚ್ಚಿದ್ರ ಅದು ಗ್ವಾಡಿ ಮ್ಯಾಲ ಇರ್ತೈತಿ, ಅದನ್ನ ಒಡದು ಈ ಸೋಮವಾರದಿಂದ ಮುಂದಿನ ಸೋಮವಾರದ ಮಟ ಮಾಡೂ ಕೆಲಸ ಮಾಡಿ ಕೈಯಾಗ ಕೊಟ್ಟು, ಮತ್ತ ಸೋಮವಾರ ಬಂದು ಕೇಳೂದೈತಲ್ಲ, ಕೋಚ್ ಮಾಡೋ ಅರ್ಧ ಕೆಲಸ ಅದು. ಕೇಳ್ತಾರ ಅನ್ನೂದು ಗೊತ್ತಿದ್ರ ಮನುಷ್ಯಾ ರವಿವಾರ ರಾತ್ರಿ ಆದ್ರೂ ಕುಂತು ಮಾಡ್ತಾನ, ಇದು ನಾಚಿಕಿ ಮಾತಲ್ಲ, ನಾವೆಲ್ಲಾ ಇರೂದ ಹಂಗ.

ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ 1984ರಾಗ ಒಂದು ಲೇಖನ ಬರದಿದ್ರು, ಒಬ್ಬೊಬ್ಬರಿಗೆ ಕುಂತು ಕಲಿಸಿದ ಸಾಧಾರಣ ವಿದ್ಯಾರ್ಥಿ, ಕ್ಲಾಸಿನ್ಯಾಗ ಕಲ್ತವರ ಪೈಕಿ ನೂರಕ್ಕ 98 ಮಂದಿಗಿಂತ ಮುಂದ ಹೋದ ಅಂತ. ಆಮೇಲಿನ ಅಧ್ಯಯನದಾಗ ಅಷ್ಟು ಅಂತರ ಕಂಡಿಲ್ಲ, ಅದನ್ನೂ ಹೇಳಬೇಕು, ಆದ್ರೂ ಒಬ್ಬೊಬ್ಬರನ್ನ ನೋಡಿ ಕಲಿಸಿದ್ದಕ್ಕ ಲಾಭ ಐತಿ ಅನ್ನೂದು ಸುಳ್ಳಾಗಿಲ್ಲ.

ಇನ್ನ ಇತ್ತೀಚಿಗೆ ಇನ್‌ಸ್ಟಾಗ್ರಾಮ್‌ನ್ಯಾಗ ಲೈಫ್ ಕೋಚ್, ಮೈಂಡ್ ಕೋಚ್ ಅಂತ ಕೋಟು ಹಾಕ್ಕೊಂಡು ಕೂಗಾಡೋರು ಭಾಳ ಆಗ್ಯಾರ. ಎರಡು ದಿನದ ವರ್ಕ್‌ಶಾಪು, ಹೋಟೆಲ್ ಹಾಲು, ಕೊನೀಗೆ ಎಲ್ಲಾರೂ ಅಳೂದು, ಸೆಲ್ಫಿ. ಈ ಹೆಸರು ಹಚ್ಕೊಳ್ಳಾಕ ನಮ್ಮ ದೇಶದಾಗ ಯಾವ ಲೈಸೆನ್ಸೂ ಬೇಕಾಗಿಲ್ಲ. ಆಟದ ಕೋಚ್ ಆಗಬೇಕಂದ್ರ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ (ಎನ್ಐಎಸ್)ಯಾಗ ಡಿಪ್ಲೊಮಾ ಅಂತರೆ ಐತಿ, 1961ರಿಂದ ನಡದೈತಿ. ಇವ್ರಿಗೆ ಮೈಕ್ ಇದ್ರ ಸಾಕು. ನನ್ನ ತಿಳವಳಿಕಿಯಾಗ ಒರೆ ಹಚ್ಚೂದು ಸಸಾರ ಐತಿ: ಎರಡನೇ ಸಲ ಭೆಟ್ಟಿ ಆದಾಗ ಅಂವ ಮೊದಲನೇ ಸಲ ನೀವು ಹೇಳಿದ್ದು ನೆನಪಿಟ್ಟು ಕೇಳಿದ್ರ ಅಂವ ಕೋಚ್, ಇನ್ನೊಂದು ಕೋರ್ಸ್ ಮಾರಾಕ ನೋಡಿದ್ರ ಎದ್ದು ಬರ್ರಿ. ಹೆಣ್ಣುಮಕ್ಕಳನ್ನ ಕಳಸೋ ತಂದಿ-ತಾಯಿ ಒಂದಿನ ಹೋಗಿ ಪ್ರ್ಯಾಕ್ಟೀಸ್ ನಡಿಯೂ ಜಾಗ ನೋಡಿ ಬರ್ರಿ, ನೋಡಬ್ಯಾಡ್ರಿ ಅಂತ ತಡಿಯೋ ಕೋಚ್ ಎಷ್ಟು ಮೆಡಲ್ ತಂದ್ರೂ ಬ್ಯಾಡ.

ಚೊಲೊ ಕೋಚ್ ಮಾಡೋ ಇನ್ನೊಂದು ಕೆಲಸ ಐತಿ, ಅದನ್ನ ಯಾರೂ ಜಾಹೀರಾತಿನ್ಯಾಗ ಹಾಕಂಗಿಲ್ಲ. ಸಾಕು ಬಿಡು, ಇದು ನಿನಗ ಆಗೂದಲ್ಲ, ಇತ್ತ ಬಾ ಅನ್ನೂದು. ಮೂವತ್ತರ ಹತ್ರ ಬಂದ ಹುಡುಗ್ರು ನಮ್ಮ ರೂಮಿನ್ಯಾಗ ಅದಾರ, ಪ್ರಿಲಿಮ್ಸ್ ಒಮ್ಮೆನೂ ದಾಟಿಲ್ಲ, ಮನ್ಯಾಗ ಮದುವಿ ಮಾತು ನಿಂತು ಹೋಗ್ಯಾವ. 2021ರ ಪಿಎಸ್ಐ ಪರೀಕ್ಷಾ ಹಗರಣದಾಗ 545 ಹುದ್ದೆಯ ಆಯ್ಕೆ ರದ್ದಾದಾಗ ಪ್ರಾಮಾಣಿಕ ಓದಿದವ್ರೂ ಬೀದಿಗೆ ಬಿದ್ರು, ಅಂಥಾದ್ದನ್ನ ಯಾವ ಕೋಚೂ ತಪ್ಪಸಾಕ ಆಗಂಗಿಲ್ಲ, ಒಪ್ತೀನಿ. ಆದ್ರ ಗ್ರೂಪ್ ಸಿ ಬರಿ, ಬ್ಯಾಂಕಿನ ಪರೀಕ್ಷೆ ಬರಿ, ಇಲ್ಲಾ ನಿನ್ನ ಕೈಯಾಗ ಡಿಪ್ಲೊಮಾ ಐತಿ ಕೆಲಸ ಹಿಡಿ ಅಂತ ಮುಖ ನೋಡಿ ಹೇಳೋ ಒಬ್ಬ ಹಿರ್ಯಾ ಇದ್ದಿದ್ರ ಎಷ್ಟೋ ಮಂದಿ ವಯಸ್ಸು ಉಳೀತಿತ್ತು. ಫೀ ತಗೊಳ್ಳೋರು ಇದನ್ನ ಹೇಳಂಗಿಲ್ಲ ಬಿಡ್ರಿ, ಮುಂದಿನ ಬ್ಯಾಚಿಗೆ ಡಿಸ್ಕೌಂಟ್ ಐತಿ ಅಂತಾರ.

ಸಂಪಾದಕರೇ, ಸರಕಾರಕ್ಕ ಮುಟ್ಟೂ ಹಂಗ ಎರಡು ಮಾತು ಹಾಕ್ರಿ. ಕ್ರೀಡಾ ಹಾಸ್ಟೆಲ್‌ಗಳಾಗ ಗುತ್ತಿಗೆ ಮ್ಯಾಲೆ ದುಡಿಯೋ ಕೋಚ್‌ಗಳಿಗೆ ಪಗಾರ ಟೈಮಿಗೆ ಕೊಡ್ರಿ, ಒಬ್ಬರು ಹುಡುಗ್ರ ಮೈ-ಮನಸು ತಿಳ್ಕೊಳ್ಳೂದ್ರಾಗ ಅವ್ರನ್ನ ಕಿತ್ತು ಬ್ಯಾರೆ ಕಡೆ ಒಗೀಬ್ಯಾಡ್ರಿ. ಸರಕಾರಿ ಗ್ರಂಥಾಲಯದಾಗ ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ ಖರೀದಿ ಮಾಡೋ ರೊಕ್ಕದಾಗ ಒಂದು ಪಾಲು ತೆಗೆದು ವಾರಕ್ಕೊಮ್ಮೆ ಬಂದು ಹತ್ತ-ಹತ್ತು ಹುಡುಗ್ರನ್ನ ನೋಡ್ಕೊಳ್ಳೋ ಮಾರ್ಗದರ್ಶಕರಿಗೆ ಗೌರವಧನ ಕೊಡ್ರಿ. ಮತ್ತ ನಿಮಗೊಂದು ವಿನಂತಿ, ಮೆಡಲ್ ಹಾಕ್ಕೊಂಡವರ ಫೋಟೋ ಹಾಕುವಾಗ ಬಾಜೂಕ ನಿಂತ ಕೋಚ್‌ನ ಕಟ್ ಮಾಡಬ್ಯಾಡ್ರಿ, ಹೆಸರೂ ಹಾಕ್ರಿ.

ವಿಜಯಪುರದಾಗ ರಿಟೈರ್ ಆದ ತಹಶೀಲ್ದಾರ್ರು, ಲೆಕ್ಚರರ್ರು, ಪೊಲೀಸ್ ಅಧಿಕಾರಿಗಳು, ಬ್ಯಾಂಕ್ ಮ್ಯಾನೇಜರ್‌ಗಳು ಏನ್ ಕಮ್ಮಿ ಇಲ್ಲ, ಮುಂಜಾನೆ ವಾಕಿಂಗ್ ಮುಗಿಸಿ ರಾಜಕೀಯ ಮಾತಾಡ್ಕೋತ ಕುಂತಿರ್ತಾರ. ರವಿವಾರ ಎರಡು ತಾಸು ನಮ್ಮಂಥ ಯಾವುದರೆ ರೀಡಿಂಗ್ ರೂಮಿಗೆ ಬಂದು ಐದ ಐದು ಹುಡುಗ್ರನ್ನ ಹಿಡ್ಕೊಂಡು ಕುಂತ್ರ ಸಾಕು, ಕಲಸೂದು ಬ್ಯಾಡ್ರಿ, ಬರೇ ಕೇಳ್ರಿ. ಕುರ್ಚಿ ಅದಾವ, ಫ್ಯಾನ್ ಐತಿ, ಚಾ ನಾ ತರಸ್ತೀನಿ.

ಇಂತಿ ನಿಮ್ಮ ಓದುಗ,
ರೀಡಿಂಗ್ ರೂಮಿನಂವ, ವಿಜಯಪುರ