ಗೇಮ್ ಮಾಡಬೇಕೆನ್ನುವವರಿಗೆ ಬರೀ ಅಕ್ಷರವೂ ಸಾಕು

ಸಂಪಾದಕರಿಗೆ ನಮಸ್ಕಾರ.

ಗೇಮ್ ತಯಾರಿಸಲು ಕಲಿಯುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಅದರಲ್ಲಿ ತಪ್ಪು ಮಾಹಿತಿ ಏನೂ ಇರಲಿಲ್ಲ. ಆದರೆ ಅದನ್ನು ಓದಿದವರು ಶುರು ಮಾಡುವ ಮೊದಲೇ ಕೈಬಿಡುತ್ತಾರೆ ಅನಿಸಿತು. ತ್ರೀಡಿ ಎಂಜಿನ್ ಕಲಿಯಿರಿ, ದುಬಾರಿ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಿ, ಚಿತ್ರಕ್ಕೊಬ್ಬರು, ಸಂಗೀತಕ್ಕೊಬ್ಬರು, ಕೋಡ್ ಬರೆಯಲು ನಾಲ್ಕು ಜನ, ಆಮೇಲೆ ಹೂಡಿಕೆ ಮಾಡುವವರನ್ನು ಹುಡುಕಿ ಅಂತ ಉದ್ದದ ಪಟ್ಟಿ. ಹಗಲೆಲ್ಲ ಕೆಲಸ ಮಾಡಿ ರಾತ್ರಿ ಒಂದು ಗಂಟೆ ಬಿಡುವು ಸಿಕ್ಕರೆ ಹೆಚ್ಚು ಅನ್ನುವವರು ಇದನ್ನೆಲ್ಲ ಯಾವಾಗ ಮಾಡೋದು?

ನಾನು ಅಂಥ ಬಿಡುವಿನಲ್ಲೇ ಒಂದು ಆನ್‌ಲೈನ್ ಆಟ ಕಟ್ಟುತ್ತಿದ್ದೇನೆ. ಹಲವರು ಒಟ್ಟಿಗೆ ಆಡಬಹುದು. ಅದರಲ್ಲಿ ಒಂದು ಚಿತ್ರವೂ ಇಲ್ಲ, ಪೂರ್ತಿ ಅಕ್ಷರ. 'ನೀವು ಹಳೇ ಬಾವಿಯ ಪಕ್ಕ ನಿಂತಿದ್ದೀರಿ, ಉತ್ತರಕ್ಕೆ ಒಂದು ಕಾಲುದಾರಿ ಇದೆ' ಅಂತ ತೆರೆಯ ಮೇಲೆ ಬರುತ್ತದೆ, ನೀವು 'ಉತ್ತರ' ಅಂತ ಟೈಪ್ ಮಾಡಿದರೆ ಮುಂದಿನ ಜಾಗಕ್ಕೆ ಹೋಗುತ್ತೀರಿ, ಅಲ್ಲಿ ಆಗಲೇ ಇನ್ನೊಬ್ಬರು ನಿಂತಿದ್ದರೆ ಅವರ ತೆರೆಯ ಮೇಲೆ ನೀವು ಬಂದ ಸುದ್ದಿ ಬೀಳುತ್ತದೆ. ಆಮೇಲೆ ಮಾತಾಡಬಹುದು, ಜಗಳ ಆಡಬಹುದು, ಒಟ್ಟಿಗೆ ಗುಹೆಗೆ ಇಳಿಯಬಹುದು. ಇಂಥ ಆಟಗಳಿಗೆ ಮಡ್ ಅಂತಾರೆ.

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಅನ್ನುವ ವಿದ್ಯಾರ್ಥಿ ಮೊದಲ ಮಡ್ ಬರೆಯಲು ಶುರು ಮಾಡಿದರು. ಜೊತೆಗೆ ಸೇರಿಕೊಂಡ ರಿಚರ್ಡ್ ಬಾರ್ಟಲ್ 1980ರಿಂದ ಅದನ್ನು ತಾವೇ ಮುಂದುವರಿಸಿದರು. 1991ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಐದು ಮಂದಿ ತಾವು ಬರೆದ ಡಿಕುಮಡ್ ಅನ್ನುವ ಮಡ್ ಆಟದ ಕೋಡನ್ನು ಬೇಕಾದವರಿಗೆಲ್ಲ ಹಂಚಿದರು. ಅದನ್ನು ತಿದ್ದಿ, ಬೆಳೆಸಿ, ಹೆಸರು ಬದಲಿಸಿ ನಡೆಸಿದ ಆಟಗಳು ಲೆಕ್ಕವಿಲ್ಲದಷ್ಟು. 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಥರದ ದೊಡ್ಡ ತ್ರೀಡಿ ಆಟದಲ್ಲೂ ಆಡುವ ರೀತಿ ನೋಡಿದರೆ ಡಿಕುಮಡ್‌ನ ಗುರುತು ಎದ್ದು ಕಾಣುತ್ತದೆ. ಕೋಡ್ ಬೇರೆ, ಬುದ್ಧಿ ಅದೇ.

ನನಗೆ ಹೇಳಬೇಕು ಅನಿಸಿದ್ದು ಒಂದೇ. ಇಂಥ ಆಟ ಕಟ್ಟಲು ಹೊರಟವರು ಸರ್ವರನ್ನು, ಅಂದರೆ ಆಟಗಾರರನ್ನೆಲ್ಲ ಸೇರಿಸಿ ಆಟ ನಡೆಸುವ ಪ್ರೋಗ್ರಾಮನ್ನು, ಸೊನ್ನೆಯಿಂದ ಬರೆಯುತ್ತಾ ಕೂರಬೇಡಿ. ಇರುವ ಬಿಡುವೆಲ್ಲ ಅದಕ್ಕೇ ಹೋಗುತ್ತದೆ. ಆಟ ಶುರುವೇ ಆಗಲ್ಲ.

ಒಂದು ಸಣ್ಣ ವಿಷಯ ತಗೊಳ್ಳಿ, ಪಾಸ್‌ವರ್ಡ್. ಹಳೇ ಮಡ್‌ಗಳಿಗೆ ಜನ ಟೆಲ್ನೆಟ್ ಅನ್ನುವ, ಅಕ್ಷರಗಳನ್ನು ಅತ್ತಿತ್ತ ಸಾಗಿಸುವ ಹಳೇ ಸಂಪರ್ಕ ವಿಧಾನದ ಮೂಲಕ ಬರುತ್ತಾರೆ, ಅದರ ಈಗಿನ ನಿಯಮಾವಳಿ 1983ರದ್ದು. ಆಟಗಾರ ಪಾಸ್‌ವರ್ಡ್ ಒತ್ತುವಾಗ ಅದು ಅವರ ತೆರೆಯ ಮೇಲೆ ಕಾಣಬಾರದು, ಅಲ್ವಾ? ಅದಕ್ಕೆ ಸರ್ವರ್ 255, 251, 1 ಅಂತ ಮೂರು ಬೈಟ್ ಕಳಿಸಬೇಕು. 'ಒತ್ತಿದ್ದನ್ನು ತೋರಿಸುವ ಕೆಲಸ ಇನ್ನು ನನ್ನದು, ನೀನು ಸುಮ್ನಿರು' ಅಂತ ಅದರ ಅರ್ಥ. ಅದನ್ನು ನಂಬಿ ಆಚೆ ಬದಿಯ ಪ್ರೋಗ್ರಾಂ ಸುಮ್ಮನಾಗುತ್ತದೆ, ಸರ್ವರ್ ಕೂಡ ಏನೂ ತೋರಿಸುವುದಿಲ್ಲ, ಪಾಸ್‌ವರ್ಡ್ ಮರೆಯಾಗುತ್ತದೆ. ಆಮೇಲೆ 255, 252, 1 ಕಳಿಸಿ ಮೊದಲಿನಂತೆ ಮಾಡದಿದ್ದರೆ ಆಟಗಾರ ಮುಂದೆ ಏನು ಟೈಪ್ ಮಾಡಿದರೂ ಅವರಿಗೇ ಕಾಣಿಸಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಬರಿಯ ಟೆಲ್ನೆಟ್‌ನಲ್ಲಿ ಗೂಢಲಿಪಿ ಇಲ್ಲದ ಕಾರಣ ಪಾಸ್‌ವರ್ಡ್ ದಾರಿಯುದ್ದಕ್ಕೂ ಇದ್ದ ಹಾಗೇ ಹೋಗುತ್ತದೆ. ಪಾಸ್‌ವರ್ಡ್ ಒಂದರ ಕಥೆ ಇದು. ಸಂಪರ್ಕ ಕಡಿದುಹೋದವರನ್ನು ಮತ್ತೆ ಅದೇ ಜಾಗಕ್ಕೆ ತರುವುದು, ಬ್ರೌಸರ್‌ನಿಂದ ಬರುವವರು, ಡೇಟಾ ಉಳಿಸುವುದು, ಇವೆಲ್ಲ ಇನ್ನೂ ಬಾಕಿ.

ಇದನ್ನೆಲ್ಲ ಬೇರೆಯವರು ಮಾಡಿಟ್ಟಿದ್ದಾರೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬರುವವರಿಗೆ ಎವೆನಿಯಾ ಅನ್ನುವ ಮಡ್ ಎಂಜಿನ್ ಇದೆ, ಓಪನ್ ಸೋರ್ಸ್, ಟೆಲ್ನೆಟ್‌ನವರನ್ನೂ ಬ್ರೌಸರ್‌ನವರನ್ನೂ ಅದೇ ನೋಡಿಕೊಳ್ಳುತ್ತದೆ. ಆಟದ ನಿಯಮಗಳನ್ನು ಮಾತ್ರ ನಿಮಗೇ ಬಿಡುತ್ತದೆ. ಸರ್ವರ್ ಬರೆಯುವುದೇ ನಿಮಗೆ ಖುಷಿ ಅಂದರೆ ಖಂಡಿತ ಬರೆಯಿರಿ, ಅದೂ ಒಳ್ಳೆ ಹವ್ಯಾಸವೇ. ಆದರೆ ಆಟ ಕಟ್ಟುತ್ತಿದ್ದೇನೆ ಅಂತ ಹೇಳಿಕೊಳ್ಳಬೇಡಿ.

ಎಂಜಿನ್ ಸಿದ್ಧವಾಗಿ ಸಿಕ್ಕರೂ ತಲೆನೋವು ಪೂರ್ತಿ ತಪ್ಪುವುದಿಲ್ಲ. ಆಟಗಾರರ ಸಾಮಾನನ್ನು ಅವರವರ ಫೈಲಿನಲ್ಲೇ ಬರೆದಿಡುವ ಆಟಗಳಲ್ಲಿ ಒಂದು ತೊಂದರೆ ಯಾವತ್ತೂ ಇದ್ದದ್ದೇ. ಒಬ್ಬಳು ತನ್ನ ಲಾಟೀನನ್ನು ಗೆಳೆಯನಿಗೆ ಕೊಡುತ್ತಾಳೆ. ಅವನು ಕೂಡಲೇ ಲಾಗೌಟ್ ಆಗುತ್ತಾನೆ. ಆಗ ಅವನ ಫೈಲ್ ಸೇವ್ ಆಯಿತು, ಅದರಲ್ಲಿ ಲಾಟೀನು ಇದೆ. ಅವಳ ಫೈಲ್ ಸೇವ್ ಆಗಿದ್ದು ಐದು ನಿಮಿಷ ಹಿಂದೆ, ಅದರಲ್ಲೂ ಲಾಟೀನು ಇದೆ. ಅಷ್ಟರಲ್ಲಿ ಸರ್ವರ್ ಕ್ರ್ಯಾಶ್ ಆಗುತ್ತದೆ. ಮತ್ತೆ ಶುರುವಾದಾಗ ಇಬ್ಬರ ಕೈಯಲ್ಲೂ ಲಾಟೀನು! ಲಾಟೀನಾದರೆ ನಕ್ಕು ಬಿಡಬಹುದು, ಚಿನ್ನವಾದರೆ ಆಟದ ಇಡೀ ವ್ಯಾಪಾರ ಎಕ್ಕುಟ್ಟಿ ಹೋಗುತ್ತದೆ. ಆಟಗಾರರು ಇಂಥದ್ದನ್ನು ಕಂಡುಹಿಡಿಯಲು ಜಾಸ್ತಿ ಹೊತ್ತು ಬೇಡ, ಕಂಡುಹಿಡಿದ ಮೇಲೆ ಸರ್ವರನ್ನು ಬೀಳಿಸುವ ಉಪಾಯವನ್ನೂ ಅವರೇ ಹುಡುಕುತ್ತಾರೆ. ಇದಕ್ಕೆ ಮದ್ದು ಸರಳ. ಲಾಟೀನಿಗೆ ಒಂದು ನಂಬರ್ ಕೊಡಿ, ಡೇಟಾಬೇಸಿನಲ್ಲಿ ಅದಕ್ಕೆ ಒಂದೇ ಸಾಲು ಇರಲಿ, ಆ ಸಾಲಿನಲ್ಲಿ 'ಯಾರ ಹತ್ತಿರ ಇದೆ' ಅನ್ನುವ ಕಾಲಂ ಇರಲಿ. ಕೊಟ್ಟಾಗ ಆ ಕಾಲಂ ಮಾತ್ರ ಬದಲಾಗಬೇಕು. ಆಗ ಲಾಟೀನು ಎರಡಾಗಲು ಸಾಧ್ಯವೇ ಇಲ್ಲ.

ಹೊಡೆದಾಟದ ವೇಗವೂ ಮೊದಲೇ ಯೋಚಿಸಬೇಕಾದ ಸಂಗತಿ. ಬೇಗ ಟೈಪ್ ಮಾಡುವವರು, ಒಳ್ಳೆ ಇಂಟರ್ನೆಟ್ ಇರುವವರು ಮಾತ್ರ ಗೆಲ್ಲಬಾರದು. ಡಿಕುಮಡ್‌ನಲ್ಲಿ ಹೊಡೆತಗಳು ಗಡಿಯಾರದ ಲೆಕ್ಕಕ್ಕೆ ಸುತ್ತು ಸುತ್ತಾಗಿ ಬೀಳುತ್ತವೆ, ಎಷ್ಟು ಸಲ ಎಂಟರ್ ಒತ್ತಿದರೂ ಅಷ್ಟೇ. ಅದನ್ನು ಧಾರಾಳವಾಗಿ ಕದಿಯಬಹುದು.

ಕನ್ನಡದಲ್ಲೇ ಕಮಾಂಡ್ ಕೊಡುವ ಹಾಗೆ ಮಾಡೋಣ ಅಂತ ಹೊರಟರೆ ಮಜಾ ಬೇರೆಯೇ. ಇಂಗ್ಲಿಷ್ ಕಮಾಂಡಿನಲ್ಲಿ ಮೊದಲ ಪದವೇ ಕ್ರಿಯಾಪದ, ಹಾಗಾಗಿ ಹಳೇ ಕೋಡೆಲ್ಲ ಮೊದಲ ಪದ ನೋಡಿ ಕೆಲಸ ಶುರು ಮಾಡುತ್ತದೆ. ನಮ್ಮಲ್ಲಿ ಅದು ಕೊನೆಗೆ ಬರುತ್ತದೆ, ಸಾಲನ್ನು ಹಿಂದಿನಿಂದ ಓದಬೇಕು. ಅದು ಸುಲಭ. ಕಷ್ಟ ಇರುವುದು ವಿಭಕ್ತಿಯಲ್ಲಿ. 'ರಂಗನಿಗೆ ಲಾಟೀನು ಕೊಡು', 'ಲಾಟೀನನ್ನು ರಂಗನಿಗೆ ಕೊಡು', ಎರಡೂ ಸರಿ. ಕೊನೆಯ 'ಗೆ' ಕಿತ್ತು ಹಾಕಿ ಹೆಸರು ಹುಡುಕೋಣ ಅಂದರೆ 'ಮಲ್ಲಿಗೆ ಕೊಡು' ಅಂತ ಬಂದಾಗ ಪ್ರೋಗ್ರಾಂ ಏನು ಮಾಡಬೇಕು? ಹೂವು ಕೊಡಬೇಕೋ, ಮಲ್ಲಿ ಅನ್ನುವವಳಿಗೆ ಏನಾದರೂ ಕೊಡಬೇಕೋ? ನಾನು ಈಗ ಪ್ರತ್ಯಯ ಕೀಳುವ ಗೋಜಿಗೇ ಹೋಗುವುದಿಲ್ಲ. ಆಟಗಾರ ನಿಂತಿರುವ ಕೋಣೆಯಲ್ಲಿ (ಆಟದ ಒಂದೊಂದು ಜಾಗಕ್ಕೂ, ಅದು ಬಾವಿಯ ಪಕ್ಕವಾದರೂ, ಕೋಣೆ ಅಂತಲೇ ಹೆಸರು) ಇರುವ ವಸ್ತು, ಜನ, ಇವುಗಳ ಹೆಸರಿಗೆ ಬರಬಹುದಾದ ರೂಪಗಳನ್ನೆಲ್ಲ ಮೊದಲೇ ಬರೆದಿಟ್ಟು ಹೋಲಿಸುತ್ತೇನೆ: ಮರ, ಮರಕ್ಕೆ, ಮರವನ್ನು, ಮರದಿಂದ. ಕೋಣೆಯಲ್ಲಿ ಮಲ್ಲಿಯೂ ಇದ್ದು ಮಲ್ಲಿಗೆಯೂ ಇದ್ದರೆ 'ಯಾವುದು?' ಅಂತ ಆಟವೇ ತಿರುಗಿ ಕೇಳುತ್ತದೆ. ಇನ್ನೊಂದು ಎಚ್ಚರ: ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್‌ನ ಒಂದೊಂದು ಕನ್ನಡ ಸಂಕೇತ, ಅದನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ 3 ಬೈಟ್ ತಿನ್ನುತ್ತದೆ, ಒತ್ತಕ್ಷರ ಬಂದರೆ ಸಂಕೇತಗಳೇ ಕನಿಷ್ಠ ಮೂರು. ಬೈಟ್ ಎಣಿಸಿ 80ಕ್ಕೆ ಸಾಲು ಮುರಿಯುವ ಹಳೇ ಕೋಡ್ ಒಂದೇ ಅಕ್ಷರವನ್ನು ನಡುವೆ ಸೀಳಿ ಹಾಕುತ್ತದೆ.

ಇಷ್ಟು ಕೋಡಿನ ಮಾತು ಸಾಕು. ಬಿಡುವಿನ ಹೆಚ್ಚು ಪಾಲು ಹೋಗಬೇಕಾದ್ದು ಬರವಣಿಗೆಗೆ, ಅದೂ ಕೋಣೆಗಳನ್ನು ಬರೆಯುವುದಕ್ಕೆ. ಹೊಸಬರು ಇಲ್ಲಿ ಒಂದೇ ಸಲ ಎರಡು ಎಡವಟ್ಟು ಮಾಡುತ್ತಾರೆ. ಮೊದಲನೆಯದು, 'ಈ ಭಯಾನಕ ಗುಹೆಯನ್ನು ಕಂಡು ನಿಮ್ಮ ಎದೆ ನಡುಗುತ್ತದೆ' ಅಂತ ಬರೆಯುವುದು. ನನ್ನ ಎದೆ ನಡುಗಿತೋ ಇಲ್ಲವೋ ನಿಮಗೆ ಹೇಗೆ ಗೊತ್ತು? ಅದೇ ದಾರಿಯಲ್ಲಿ ನೂರನೇ ಸಲ ಹೋಗುವವನಿಗೆ ಅದು ನಗೆ ತರಿಸುತ್ತದೆ. ಎರಡನೆಯದು ಉದ್ದ. ದಿನಕ್ಕೆ ಹತ್ತು ಸಲ ದಾಟುವ ಕೋಣೆಗೆ ಎರಡು ಸಾಲು ಬೇಕಾದಷ್ಟಾಯಿತು. 'ಗುಹೆಯ ಬಾಯಿ ಬಗ್ಗಿ ನಡೆಯುವಷ್ಟೇ ಇದೆ. ನೆಲದಲ್ಲಿ ಯಾರೋ ಏನನ್ನೋ ಒಳಗೆ ಎಳೆದುಕೊಂಡು ಹೋದ ಗೆರೆ.' ಆ ಗೆರೆಯನ್ನು ನೋಡು ಅಂತ ಟೈಪ್ ಮಾಡಿದವರಿಗೆ ಮಾತ್ರ ಇನ್ನೊಂದು ಸಾಲು ಸಿಗಲಿ. ಚಿತ್ರದ ಆಟದಲ್ಲಿ ಇಂಥ ಒಂದು ಗೆರೆ ಕೂರಿಸಲೂ ಯಾರೋ ಬಿಡಿಸಬೇಕು, ಇಲ್ಲಿ ನೀವೇ ಬರೆದರೆ ಮುಗಿಯಿತು.

ಕೋಣೆ ಎಷ್ಟಿರಬೇಕು ಅಂತ ಕೇಳುವವರಿಗೆ ನನ್ನ ಉತ್ತರ: ಕಮ್ಮಿ. ಐನೂರು ಕೋಣೆಯ ಲೋಕಕ್ಕೆ ಮೂರು ಜನ ಬಂದರೆ ಅವರು ಒಬ್ಬರಿಗೊಬ್ಬರು ಸಿಗುವುದೇ ಇಲ್ಲ, ಅರ್ಧ ಗಂಟೆ ಖಾಲಿ ಬೀದಿ ಸುತ್ತಿ ಹೋಗಿಬಿಡುತ್ತಾರೆ, ಮತ್ತೆ ಬರಲ್ಲ. ಹತ್ತು ಹನ್ನೆರಡು ಕೋಣೆ ಮಾಡಿ ಬಾಗಿಲು ತೆಗೆಯಿರಿ. ವಾರದಲ್ಲಿ ಒಂದು ಹೊತ್ತು ಗೊತ್ತು ಮಾಡಿ ಎಲ್ಲರೂ ಆಗಲೇ ಬರಲಿ. ಬಾರ್ಟಲ್ 1996ರ ತಮ್ಮ ಲೇಖನದಲ್ಲಿ ಮಡ್ ಆಡುವವರನ್ನು ನಾಲ್ಕು ಬಗೆ ಮಾಡಿದ್ದರು: ಅಂಕ ಗಳಿಸುವವರು, ಮೂಲೆ ಮೂಲೆ ಹುಡುಕುವವರು, ಮಾತಿಗೆ ಬರುವವರು, ಬೇರೆಯವರನ್ನು ಕಾಡಿ ಖುಷಿಪಡುವವರು. ನನ್ನ ಅಂದಾಜಿನಲ್ಲಿ ಆಟ ಕಟ್ಟುವವರು ಹೆಚ್ಚಾಗಿ ಎರಡನೇ ಬಗೆಯವರು, ಅದಕ್ಕೇ ಮೂಲೆಗಳನ್ನೇ ಕಟ್ಟುತ್ತಾ ಹೋಗುತ್ತಾರೆ. ಆಟ ಉಳಿಸುವುದು ಮೂರನೇ ಬಗೆಯವರು. ಅವರಿಗೆ ಕೂತು ಹರಟಲು ಒಂದು ಕಟ್ಟೆ ಬೇಕು. ನಾಲ್ಕನೆಯವರಿಗೆ ನಿಯಮ ಬೇಕು, ಅದನ್ನು ಬಾಗಿಲು ತೆಗೆಯುವ ಮೊದಲೇ ಬರೆದಿಡಿ, ಗಲಾಟೆ ಆದ ಮೇಲೆ ಬರೆದರೆ ಯಾರೋ ಒಬ್ಬರನ್ನು ಗುರಿ ಮಾಡಿದಂತೆ ಆಗುತ್ತದೆ.

ನಿಮ್ಮ ಬರಹದಲ್ಲಿ ಎಲ್ಲೂ ಬಾರದ ಇನ್ನೊಂದು ಮಾತು. ಕಣ್ಣು ಕಾಣದವರು, ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸಿ ಈ ಆಟಗಳನ್ನು ಬೇರೆಯವರ ಸರಿಸಮವಾಗಿ ಆಡುತ್ತಾರೆ. ತ್ರೀಡಿ ಆಟದಲ್ಲಿ ಇದನ್ನು ಆಮೇಲೆ ಜೋಡಿಸಬೇಕು, ಅಕ್ಷರದ ಆಟದಲ್ಲಿ ಮೊದಲಿನಿಂದಲೇ ಇದೆ, ನಾವು ಕೆಡಿಸದಿದ್ದರೆ ಆಯಿತು. ಗೆರೆ, ಚುಕ್ಕಿ ಜೋಡಿಸಿ ನಕ್ಷೆ ಬರೆಯುವ ಚಪಲ ಎಲ್ಲರಿಗೂ ಇರುತ್ತದೆ. ಸ್ಕ್ರೀನ್ ರೀಡರ್ ಅದನ್ನು 'ಅಡ್ಡಗೆರೆ ಅಡ್ಡಗೆರೆ ಚುಕ್ಕಿ' ಅಂತ ಓದುತ್ತಾ ಹೋಗುತ್ತದೆ, ಪಾಪ ಕೇಳುವವರ ಗತಿ! ನಕ್ಷೆಯನ್ನು ಆಫ್ ಮಾಡಲು ಒಂದು ಕಮಾಂಡ್ ಇಟ್ಟರೆ ಸಾಕು.

ದುಡ್ಡಿನ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಅಕ್ಷರದ ಆಟಕ್ಕೆ ಸಿಗುವುದರಲ್ಲೇ ಅತಿ ಸಣ್ಣ ಬಾಡಿಗೆ ಸರ್ವರ್ ನಡೆಯುತ್ತದೆ. ಆಟದಿಂದ ಸಂಪಾದನೆ ಮಾಡುವ ಯೋಚನೆ ಇದ್ದರೆ ಮಾತ್ರ ಮೊದಲು ಲೈಸೆನ್ಸ್ ಓದಿ. ಡಿಕುಮಡ್ 1991ರಲ್ಲಿ ಹಂಚಿದ ಕೋಡಿಗೆ ದುಡ್ಡು ಮಾಡಬಾರದು, ಲಾಗಿನ್ ಆಗುವಾಗ ಮೂಲ ಬರೆದವರ ಹೆಸರು ಕಾಣಬೇಕು ಅನ್ನುವ ಷರತ್ತು ಇತ್ತು. ಅದನ್ನು ಮುರಿದವರ ಮೇಲೆ ಮಡ್ ಮಂದಿಗೆ ಇವತ್ತಿಗೂ ಸಿಟ್ಟಿದೆ.

ಸಂಪಾದಕರೇ, ಒಂದು ಕೋರಿಕೆ. ಗೇಮ್ ಬಗ್ಗೆ ಮತ್ತೆ ಬರೆಸುವಾಗ ಇದಕ್ಕೂ ಅರ್ಧ ಕಾಲಂ ಕೊಡಿ. ಸಾಧ್ಯವಾದರೆ ಓದುಗರಿಂದ ಒಂದೊಂದು ಕೋಣೆಯ ವರ್ಣನೆ ಕರೆಯಿರಿ: ನಲವತ್ತು ಪದ ಮೀರಬಾರದು, ಹೊರಗೆ ಹೋಗಲು ಎರಡು ದಾರಿ ಇರಬೇಕು, ಎತ್ತಿಕೊಳ್ಳಲು ಒಂದು ವಸ್ತು ಇರಬೇಕು, ಓದುವವರಿಗೆ ಏನನಿಸುತ್ತದೆ ಅಂತ ಮಾತ್ರ ಬರೆಯಬಾರದು. ಕೋಡ್ ಗೊತ್ತಿರಬೇಕಿಲ್ಲ. ಬಂದವುಗಳಲ್ಲಿ ಚೆನ್ನಾಗಿರುವುದನ್ನು ಬರೆದವರ ಒಪ್ಪಿಗೆ ಪಡೆದು, ಅವರ ಹೆಸರಿನ ಜೊತೆಗೇ ಆಟಕ್ಕೆ ಸೇರಿಸಿ ಒಂದಕ್ಕೊಂದು ದಾರಿ ಜೋಡಿಸುವ ಕೆಲಸ ನನಗಿರಲಿ.

ಇಂತಿ,
ನಿಮ್ಮ ಒಬ್ಬ ಓದುಗ