ಮಾಸ್ತರ ಹೆಸರಿನ ವೇದಿಕೆ ಖೋ ಖೋ ಅಂಕಣದ ಮೇಲೆ ಬೇಡ

ಮಾನ್ಯ ಸಂಪಾದಕರೇ,

ನಮ್ಮೂರಿನ ಪಿ.ಟಿ. ಮಾಸ್ತರು ತೀರಿಕೊಂಡ ಸುದ್ದಿ ಈಚೆಗೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿತ್ತು. ನಿವೃತ್ತ ದೈಹಿಕ ಶಿಕ್ಷಕರು, ಪತ್ನಿ, ಇಬ್ಬರು ಹೆಣ್ಣುಮಕ್ಕಳು, ಅಪಾರ ಬಂಧು ಬಳಗ. ಅಷ್ಟೇ. ನಿಧನ ವಾರ್ತೆಯಲ್ಲಿ ಅದಕ್ಕಿಂತ ಜಾಸ್ತಿ ಜಾಗ ಸಿಗುವುದಿಲ್ಲ, ಅದು ಗೊತ್ತು. ನಾನು ಬರೆಯುತ್ತಿರುವುದು ಅದಾದ ಮೇಲೆ ಊರಲ್ಲಿ ಎದ್ದಿರುವ ಮಾತಿನ ಬಗ್ಗೆ. ಶಾಲೆಯ ಬಯಲಿನಲ್ಲಿ ಮಾಸ್ತರ ಹೆಸರಲ್ಲಿ ಒಂದು ಕಾಂಕ್ರೀಟ್ ವೇದಿಕೆ ಕಟ್ಟಿಸಬೇಕಂತೆ. ಪಟ್ಟಿ ಹಾಕಿ ಹಣ ಕೂಡಿಸುವುದೂ ಶುರುವಾಗಿದೆ. ಮನಸ್ಸು ಒಳ್ಳೆಯದೇ. ಆದರೆ ಸುಣ್ಣದ ಗೆರೆ ಎಳೆದಿರುವುದು ಖೋ ಖೋ ಅಂಕಣದ ಮೇಲೆ!

ನಮ್ಮದು ರೋಣ ತಾಲ್ಲೂಕಿನ ಎರೆ ಸೀಮೆ. ಮಳೆಯಾದರೆ ಚಪ್ಪಲಿಗೆ ಮಣ್ಣು ಮೆತ್ತಿ ಕಾಲು ಎತ್ತುವುದೇ ಕಷ್ಟ. ಬೇಸಿಗೆಯಲ್ಲಿ ಅದೇ ನೆಲ ಕೈ ಹೋಗುವಷ್ಟು ಬಿರಿಯುತ್ತದೆ. ಖೋ ಖೋ ಆಡುವವರು ಈ ನೆಲದ ಮೇಲೆ ಕಂಬಕ್ಕೆ ಡೈವ್ ಹೊಡೆಯಬೇಕು. ಮಾಸ್ತರು ಬಂದ ಹೊಸದರಲ್ಲಿ ಮಾಡಿದ ಮೊದಲ ಕೆಲಸ ಅಂದರೆ 27 ಮೀಟರ್ ಉದ್ದ, 16 ಮೀಟರ್ ಅಗಲದ ಜಾಗ ಅಳೆದು, ಮೇಲಿನ ಎರೆ ಮಣ್ಣು ತೆಗೆಸಿದ್ದು. ಕೆಳಗೆ ಗರಸು, ಅಂದರೆ ಜಲ್ಲಿಯಂಥ ಗಟ್ಟಿ ಮಣ್ಣು ತುಂಬಿದರು. ಅದರ ಮೇಲೆ ಜರಡಿ ಹಿಡಿದ ಮಸಾರಿ, ಅಂದರೆ ಕೆಂಪು ಮಣ್ಣು. ನೀರು ಹೊಡೆದು, ರೋಲರ್ ಎಳೆದು, ಮತ್ತೆ ನೀರು ಹೊಡೆದು. ಯಾರ ಹತ್ತಿರವೂ ಅವರು ಹಣ ಕೇಳಲಿಲ್ಲ. ಟ್ರ್ಯಾಕ್ಟರ್ ಇದ್ದವರ ಮನೆಗೆ ಹೋಗಿ, "ಒಂದು ಟ್ರಿಪ್ ಮಸಾರಿ ತಂದು ಹಾಕ್ರಿ ಗೌಡ್ರ, ನಿಮ್ಮ ಮಗಳು ಬಿದ್ದರ ಮೊಣಕಾಲು ಉಳೀತಾವ" ಎನ್ನುತ್ತಿದ್ದರು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಇದೇ ಕೆಲಸ ಮತ್ತೆ. ಆ ನೆಲ ಒಮ್ಮೆ ಹಾಕಿ ಬಿಟ್ಟದ್ದಲ್ಲ, ವರ್ಷ ವರ್ಷ ಸಾಕಿದ್ದು.

ಗಂಡುಮಕ್ಕಳಿಗೆ ಕ್ರಿಕೆಟ್ ಬೇಕಿತ್ತು. ಬೇಕಾಗದೆ ಏನು? ಭಾರತ ತಂಡಕ್ಕೆ ಆಡಿದ ನಮ್ಮ ಗದುಗಿನ ಸುನೀಲ ಜೋಶಿ ಚಿಕ್ಕವರಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ಹೊತ್ತಿಗೆ ವಾಪಸ್ ಬರುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್ ಹಾಕಿ 6 ರನ್ ಕೊಟ್ಟು 5 ವಿಕೆಟ್ ತೆಗೆದರು. ಅದನ್ನು ನಮಗೆ ಬಾಯಿಪಾಠ ಮಾಡಿಸಿದ್ದೂ ಮಾಸ್ತರೇ. ಆದರೆ ಕಿಟ್ ಕೊಳ್ಳುವ ಶಕ್ತಿ ಶಾಲೆಗೆ ಇರಲಿಲ್ಲ, ಖೋ ಖೋಗೆ ಎರಡು ಕಂಬ ಸಾಕಿತ್ತು. ಗಂಡುಮಕ್ಕಳ ವಾಲಿಬಾಲ್ ನೆಟ್ ಹರಿದು ವರ್ಷಗಟ್ಟಲೆ ಹಾಗೇ ಜೋತಾಡುತ್ತಿತ್ತು ಎಂಬುದನ್ನೂ ಹೇಳಬೇಕು. ಮಾಸ್ತರ ಗಮನವೆಲ್ಲ ಹೆಣ್ಣುಮಕ್ಕಳ ಖೋ ಖೋ ಮೇಲೆ. ಈ ತಕರಾರು ಹುಡುಗರಿಗೆ ಈಗಲೂ ಇದೆ, ಅದರಲ್ಲಿ ನಿಜವೂ ಇದೆ.

ಯಾಕೆ ಹೆಣ್ಣುಮಕ್ಕಳು? ಅವರು ಬಾಯಿಬಿಟ್ಟು ಹೇಳಲಿಲ್ಲ. ನಮಗೆ ಅರ್ಥವಾಗಿದ್ದು ಹೆಸರುಕಾಳಿನ ಸುಗ್ಗಿಯಲ್ಲಿ. ವಲಯ, ತಾಲ್ಲೂಕು ಮಟ್ಟದ ಕ್ರೀಡಾಕೂಟ ಬರುವುದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ. ನಮ್ಮ ಕಡೆ ಹೆಸರು ಬಿಡಿಸುವುದೂ ಆಗಲೇ. ಕಾಯಿ ಒಣಗಿದ ಮೇಲೆ ಒಂದು ಮಳೆ ಹೊಡೆದರೆ ಬೆಳೆ ಹೋಯಿತು. ಹಾಗಾಗಿ ಮನೆಯಲ್ಲಿದ್ದ ಕೈಗಳೆಲ್ಲ ಹೊಲಕ್ಕೆ. ಮೊದಲು ಶಾಲೆ ತಪ್ಪುತ್ತಿದ್ದುದು ಏಳನೇ, ಎಂಟನೇ ಕ್ಲಾಸಿನ ಹುಡುಗಿಯರಿಗೆ. ಹೀಗೆ ಒಂದು ತಿಂಗಳು ತಪ್ಪಿಸಿದವರಲ್ಲಿ ಕೆಲವರು ಮತ್ತೆ ಬರುತ್ತಲೇ ಇರಲಿಲ್ಲ. ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಇನ್ನಷ್ಟು ಮಂದಿ ಕಡಿಮೆ.

ಮಾಸ್ತರು ಟೀಮಿನ ಪಟ್ಟಿ ಹಿಡಿದುಕೊಂಡು ಹೊಲಕ್ಕೇ ಹೋಗುತ್ತಿದ್ದರು. ಒಂದು ಸಲ ನಮ್ಮ ಟೀಮಿನ ಹುಡುಗಿಯ ಅಪ್ಪ, "ಬಿಡಿಸೋರು ಯಾರ್ರೀ ಹಂಗಾದ್ರ, ನೀವು ಬರ್ತೀರೇನು?" ಎಂದು ಸಿಟ್ಟಿನಲ್ಲಿ ಕೇಳಿದ. ಮರುದಿನ ಭಾನುವಾರ. ಮಾಸ್ತರು, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಬೆಳಗಾಗುವುದರೊಳಗೆ ಆ ಹೊಲದಲ್ಲಿದ್ದರು. ಆ ಹುಡುಗಿ ತಾಲ್ಲೂಕಿಗೆ ಆಡಿದಳು. ಎಸ್ಸೆಸ್ಸೆಲ್ಸಿಯನ್ನೂ ಮುಗಿಸಿದಳು. ಈಗ ಹುಬ್ಬಳ್ಳಿಯಲ್ಲಿ ನರ್ಸ್.

ಮಾಸ್ತರ ಮನೆಯವರನ್ನು ನಾವು ಕಾಕೂ ಎನ್ನುತ್ತಿದ್ದೆವು. ವಾರ್ತೆಯಲ್ಲಿ "ಪತ್ನಿ" ಎಂದು ಒಂದೇ ಪದದಲ್ಲಿ ಮುಗಿದುಹೋದ ಈ ಕಾಕೂ ಇಲ್ಲದಿದ್ದರೆ ಟೀಮ್ ಊರ ಅಗಸಿ ದಾಟುತ್ತಿರಲಿಲ್ಲ. ಹುಡುಗಿಯರು ಚಡ್ಡಿ ಹಾಕಿ ಆಡುವುದು ಹಿರಿಯರಿಗೆ ಒಪ್ಪಿಗೆ ಇರಲಿಲ್ಲ. ಕಾಕೂ ತಮ್ಮ ಹೊಲಿಗೆ ಮೆಷಿನ್‌ನಲ್ಲಿ ಎಲ್ಲರಿಗೂ ಉದ್ದ ಪ್ಯಾಂಟ್ ಹೊಲಿದರು. ಗದಗಕ್ಕೋ ಧಾರವಾಡಕ್ಕೋ ಆಡಲು ಹೊರಟರೆ ಹನ್ನೆರಡೂ ಮಂದಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಡಿಕೆ ಕಾಳಿನ ಪಲ್ಯ ಅವರ ಮನೆಯಿಂದಲೇ. ಸಂಬಳದ ಎಷ್ಟು ಭಾಗ ಹೀಗೆ ಹೋಯಿತೋ. ಅವರಿಗೆ ಸ್ವಂತ ಮನೆ ಆಗಿದ್ದು ನಿವೃತ್ತಿಯ ಹಣ ಬಂದ ಮೇಲೆ.

ಅಭ್ಯಾಸ ಬೆಳಿಗ್ಗೆ ಮಾತ್ರ. ಸಂಜೆ ಶಾಲೆ ಬಿಟ್ಟ ಕೂಡಲೇ ಮಾಸ್ತರು ಸೈಕಲ್ ಹತ್ತಿ ಮನೆಗೆ. ಹಾಸಿಗೆ ಹಿಡಿದಿದ್ದ ತಾಯಿಯನ್ನು ಎಬ್ಬಿಸಿ ಕೂರಿಸಿ ಉಣಿಸುವುದು ಅವರ ಕೆಲಸ, ಅದನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಧಾರವಾಡದ ಕಡೆ ವರ್ಗ ಮಾಡಿಸಿಕೊಳ್ಳಿ, ದೊಡ್ಡ ಮೈದಾನ ಸಿಗುತ್ತದೆ ಎಂದು ಹೇಳಿದವರಿದ್ದರು. ಅವ್ವನನ್ನು ಕಟ್ಟಿಕೊಂಡು ಬಾಡಿಗೆ ಮನೆ ಹುಡುಕುವುದು ಬೇಡ ಎಂದು ಸುಮ್ಮನಾದರು.

ಆಟದಲ್ಲಿ ಮಾತ್ರ ಬಹಳ ಬಿರುಸು. ಬೈಗುಳಕ್ಕೆ ಬರವಿಲ್ಲ. ಅದರಲ್ಲೂ ಓಡುವವಳಿಗಿಂತ ಕೂತವರಿಗೇ ಜಾಸ್ತಿ. ಖೋ ಖೋದಲ್ಲಿ ಎಂಟು ಮಂದಿ ಕೂತಿರುತ್ತಾರೆ, ಒಬ್ಬಳು ಬೆನ್ನಟ್ಟುತ್ತಾಳೆ. ಬೆನ್ನಟ್ಟುವವಳು ಹಿಂದಕ್ಕೆ ತಿರುಗುವಂತಿಲ್ಲ, ನಡುವಿನ ಗೆರೆ ದಾಟುವಂತಿಲ್ಲ. ಅದಕ್ಕೇ ಕೂತವಳ ಕಣ್ಣು ಓಟಗಾರ್ತಿಯ ಕಾಲಿನ ಮೇಲಿರಬೇಕು, ಖೋ ಬಿದ್ದ ಕ್ಷಣ ಏಳಬೇಕು. "ಏ ಯವ್ವಾ, ಕುಂತಿಯೋ ನಿದ್ದಿ ಹೊಡಿಯಾಕತ್ತಿಯೋ?" ಎಂಬ ಕೂಗು ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. ಜಿಲ್ಲಾ ಮಟ್ಟದ ಫೈನಲ್ ಒಂದರಲ್ಲಿ ತಮ್ಮ ದೊಡ್ಡ ಮಗಳನ್ನೇ ಕಣದಲ್ಲಿ ಇಳಿಸಲಿಲ್ಲ. ಒಂಬತ್ತರಲ್ಲಿ ಅವಳಿಗೆ ಜಾಗ ಇರಲಿಲ್ಲ, ಮುಗಿಯಿತು. ಮನೆಯಲ್ಲಿ ಮಗಳು ಮಾತು ಬಿಟ್ಟಳಂತೆ. ಕಾಕೂ ಕೂಡ ಮಗಳ ಪಕ್ಷ. ಇದನ್ನು ಮಾಸ್ತರೇ ನಗುತ್ತ ಹೇಳಿಕೊಂಡಿದ್ದರು.

ಆ ಫೈನಲ್ ಗೆದ್ದ ಸಂಜೆ ಗದುಗಿನಲ್ಲಿ ನಮಗೆಲ್ಲ ಗಿರ್ಮಿಟ್, ಮಿರ್ಚಿ ಕೊಡಿಸಿ, ವೀರನಾರಾಯಣ ಗುಡಿಗೆ ಕರೆದುಕೊಂಡು ಹೋದರು. ಕುಮಾರವ್ಯಾಸ ಕೂತು ಭಾರತ ಬರೆದ ಎನ್ನುವ ಕಂಬ ತೋರಿಸಿ, "ಅವನೂ ಕಂಬ ಹಿಡಿದೇ ಗೆದ್ದವ, ನೋಡ್ರಿ" ಎಂದರು. ವಿಭಾಗ ಮಟ್ಟದಲ್ಲಿ ಸೋತೆವು, ಅದು ಬೇರೆ ಮಾತು.

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಖೋ ಖೋದ ಮೊದಲ ವಿಶ್ವಕಪ್ ನಡೆಯಿತಲ್ಲ, ಭಾರತದ ಮಹಿಳೆಯರು, ಪುರುಷರು ಇಬ್ಬರೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದರು. ಮಹಿಳೆಯರ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಮಾಸ್ತರು ಫೋನ್ ಮಾಡಿ, ಹಳ್ಳಿ ಹುಡುಗಿ ನೋಡು ಎಂದು ಖುಷಿಪಟ್ಟರು. ಮ್ಯಾಟ್ ಮೇಲೆ ಆಡುವುದು ಮಾತ್ರ ಅವರಿಗೆ ಸೇರಿರಲಿಲ್ಲ.

ಈಗ ಶಾಲೆಯ ಸ್ಥಿತಿ ಹೇಳುತ್ತೇನೆ. ಅವರು ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರೂ ಬಂದಿಲ್ಲ. ಪಿ.ಟಿ. ಪಿರಿಯಡ್‌ನಲ್ಲಿ ಗಣಿತ ನಡೆಯುತ್ತದೆ. ಅಂಕಣದ ಮೇಲೆ ಕಸ ಬೆಳೆದಿದೆ, ಒಂದು ಕಂಬ ವಾಲಿದೆ. ಆದರೂ ಕೆಳಗಿನ ಗರಸು ಗಟ್ಟಿಯಾಗಿದೆ, ಮೇಲೆ ಮಸಾರಿ ಹಾಕಿದರೆ ಮತ್ತೆ ಆಡಬಹುದು. ಕಾಂಕ್ರೀಟ್ ಬಿದ್ದರೆ ಅದೂ ಇಲ್ಲ. ವೇದಿಕೆ ಬೇಕೇ ಬೇಕಾದರೆ ಗುಡಿಯ ಮುಂದೆ ಬೇಕಾದಷ್ಟು ಜಾಗವಿದೆ. ಅಲ್ಲಿ ನಾಟಕವೂ ಆಗುತ್ತದೆ, ಭಾಷಣವೂ ಆಗುತ್ತದೆ. ಕೂಡಿದ ಹಣದಲ್ಲಿ ಮೊದಲು ನಾಲ್ಕು ಟ್ರಿಪ್ ಮಣ್ಣು, ಎರಡು ಹೊಸ ಕಂಬ ಆಗಲಿ. ಉಳಿದದ್ದನ್ನು ಹುಡುಗಿಯರ ಬಸ್ ಚಾರ್ಜಿಗೆ ಇಡಬಹುದು. ಹಳೆಯ ಆಟಗಾರ್ತಿಯರು ನಮ್ಮ ಪಾಲು ಕೊಡಲು ತಯಾರಿದ್ದೇವೆ. ಶಿಕ್ಷಣ ಇಲಾಖೆಯವರು ಈ ಪತ್ರ ಓದಿದರೆ ಖಾಲಿ ಹುದ್ದೆಯ ಕಡೆಯೂ ಒಮ್ಮೆ ನೋಡಲಿ.

ಇನ್ನು ಹೆಸರಿನ ಫಲಕ. ಕಾಕೂ ಒಪ್ಪಿದರೆ ಅದನ್ನು ಶಾಲೆಯ ಆಟದ ಸಾಮಾನಿನ ಕೋಣೆಯ ಬಾಗಿಲಿಗೆ ಹಾಕೋಣ. ಅದರ ಬೀಗದ ಕೈ ಸದ್ಯ ಯಾರ ಹತ್ತಿರ ಇದೆ ಎಂಬುದನ್ನು ಮಾತ್ರ ಮೊದಲು ಪತ್ತೆ ಮಾಡಬೇಕು.

– ಹಳೆಯ ವಿದ್ಯಾರ್ಥಿನಿ, ರೋಣ ತಾಲ್ಲೂಕು, ಗದಗ ಜಿಲ್ಲೆ