48 ವೋಲ್ಟ್ ತಾನೇ ಅನ್ನಬೇಡ

ಪ್ರೀತಿಯ ಮಗೂ, ಆಶೀರ್ವಾದಗಳು.

ಟೆಲಿಕಾಂ ರೂಟರಿನ ಡಿಸಿ ಪವರ್ ಸಪ್ಲೈ ಬದಲಾಯಿಸುವ ಕೆಲಸ ಮೊದಲ ಸಲ ನಿನ್ನ ಪಾಲಿಗೆ ಬಂದಿದೆ ಅಂತ ತಿಳಿದು ಖುಷಿಯಾಯಿತು. ಆದರೆ ‘ಬರೀ 48 ವೋಲ್ಟ್ ತಾನೇ’ ಅಂತ ಬರೆದಿದ್ದೀಯಲ್ಲ, ಅದು ನನಗೆ ಹಿಡಿಸಲಿಲ್ಲ.

ಒಣ ಕೈಗೆ 48 ವೋಲ್ಟ್ ಸಾಮಾನ್ಯವಾಗಿ ಶಾಕ್ ಕೊಡುವುದಿಲ್ಲ, ನಿಜ. ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡು. 1000 ವಾಟ್ ಲೋಡು 230 ವೋಲ್ಟಿನಲ್ಲಿ 4 ಆಂಪಿಯರ್ ಚಿಲ್ಲರೆ ಎಳೆದರೆ, 48ರಲ್ಲಿ ಸುಮಾರು 21 ಎಳೆಯುತ್ತದೆ. ಅದರ ಹಿಂದೆ ಬ್ಯಾಟರಿಗಳ ಸಾಲೇ ಇರುತ್ತದೆ. ನಿನ್ನ ಉಂಗುರವೋ ಸ್ಕ್ರೂಡ್ರೈವರೋ ಎರಡು ಟರ್ಮಿನಲ್‌ಗೆ ಒಟ್ಟಿಗೆ ತಾಗಿದರೆ ಬ್ಯಾಟರಿಗಳು ಒಂದೇ ಏಟಿಗೆ ನೂರಾರು ಆಂಪಿಯರ್ ನುಗ್ಗಿಸುತ್ತವೆ. ಬೆರಳಲ್ಲಿರುವ ಉಂಗುರ ಕಾದ ಕಬ್ಬಿಣವಾಗುತ್ತದೆ. 50 ಹರ್ಟ್ಜ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಆರಲು ಅವಕಾಶ ಉಂಟು. ಡಿಸಿಯಲ್ಲಿ ಆ ಬಿಡುವೇ ಇಲ್ಲ. ಉಂಗುರ, ವಾಚು, ಸರ ಎಲ್ಲಾ ಬಿಚ್ಚಿಟ್ಟೇ ರ‍್ಯಾಕಿನ ಹತ್ತಿರ ಹೋಗು.

ಇಂಥ ರೂಟರಿಗೆ ಎರಡು ಸಪ್ಲೈ ಇರುತ್ತವಲ್ಲ, ಮೊದಲು ನೋಡಬೇಕಾದ್ದು ಕೆಟ್ಟ ಸಪ್ಲೈಯನ್ನಲ್ಲ, ಉಳಿಯುವ ಇನ್ನೊಂದನ್ನು. ಅದರ ದೀಪ ಹಸಿರಾಗಿದೆಯಾ? ಪೂರ್ತಿ ಲೋಡ್ ಒಂದೇ ಹೊರುತ್ತದಾ? ಆಮೇಲೆ ನಿನ್ನ ಸಪ್ಲೈಗೆ ಕರೆಂಟ್ ತರುವ ಲೈನಿನ, ಅಂದರೆ ಫೀಡಿನ, ಬ್ರೇಕರ್ ಹುಡುಕು. ಎರಡು ಸಪ್ಲೈಗಳ ಎ, ಬಿ ಫೀಡುಗಳ ಲೇಬಲ್ ಅದಲುಬದಲಾಗಿರುವುದು ಅಪರೂಪವೇನಲ್ಲ, ವೈರನ್ನು ಕೊನೆತನಕ ಹಿಂಬಾಲಿಸು. ಬ್ರೇಕರ್ ಆಫ್ ಮಾಡಿ, ಹಿಡಿ ಮೇಲೇಳದಂತೆ ಟೇಪ್ ಸುತ್ತಿ, ಚೀಟಿ ನೇತುಹಾಕು. ಸಪ್ಲೈ ಮೇಲೆ ಹಾಟ್ ಸ್ವಾಪ್ ಅಂತ ಬರೆದಿದೆ ಅಂದರೆ ಉಪಕರಣ ನಿಲ್ಲಿಸಬೇಕಿಲ್ಲ ಅಂತ ಅರ್ಥ ಅಷ್ಟೇ. ಜೀವಂತ ವೈರಿನ ಸ್ಕ್ರೂ ಬಿಚ್ಚಲು ಅದು ಅನುಮತಿಯಲ್ಲ.

ದೀಪ ಆರಿದ್ದನ್ನು ನಂಬಬೇಡ. ಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು 48ರ ಆಸುಪಾಸು ತೋರಿಸುತ್ತದಾ ನೋಡು. ನಂತರ ನಿನ್ನ ಟರ್ಮಿನಲ್‌ಗಳಲ್ಲಿ ನೋಡು, ಪ್ರತಿಯೊಂದನ್ನೂ ಅರ್ತ್‌ಗೂ ಅಳೆ. ಸೊನ್ನೆ ಬಂತಾ? ಮತ್ತೊಮ್ಮೆ ಕರೆಂಟ್ ಇರುವ ಕಡೆ ಹಿಡಿ. ನಡುವೆ ಮೀಟರೇ ಕೈಕೊಟ್ಟಿಲ್ಲ ಅಂತ ಖಾತ್ರಿಯಾಗಬೇಕಲ್ವಾ?

ಬಣ್ಣ ನೋಡಿ ವೈರ್ ಬಿಚ್ಚಬೇಡ. ಟೆಲಿಕಾಂ ಸಪ್ಲೈ ಮೈನಸ್ 48, ಅಂದರೆ ಅರ್ತ್ ಆಗಿರುವುದು ಪಾಸಿಟಿವ್ ಬದಿ. ನೆಲದಡಿಯ ತಾಮ್ರ ತುಕ್ಕು ಹಿಡಿದು ಸವೆಯದಿರಲಿ ಅಂತ ಹಿಂದಿನವರು ಹೀಗೆ ಇಟ್ಟರು. ವೈರಿನ ಬಣ್ಣ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಸ್ಕ್ರೂ ಸಡಿಲಿಸುವ ಮುಂಚೆಯೇ ಪ್ರತಿ ವೈರಿಗೂ ಹೆಸರು ಅಂಟಿಸಿ ಫೋಟೋ ತೆಗೆ. ಬಿಚ್ಚುವಾಗ ಮೈನಸ್ 48 ಮೊದಲು, ರಿಟರ್ನ್ (ಪಾಸಿಟಿವ್ ವೈರ್) ಆಮೇಲೆ, ಅರ್ತ್ ಕೊನೆಗೆ. ಬಿಚ್ಚಿದ ತುದಿಗಳಿಗೆ ಟೇಪ್ ಸುತ್ತು. ಹಾಕುವಾಗ ತಿರುವುಮುರುವು, ಅರ್ತ್ ಮೊದಲು.

ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಅರ್ತ್‌ಗೆ ಇಳಿಸುವ ಇಎಸ್‌ಡಿ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಸಪ್ಲೈ ಮಾಡ್ಯೂಲ್ ಎಳೆ, ಒಂದು ಕೈ ಹಿಡಿಗೆ, ಇನ್ನೊಂದು ತಳಕ್ಕೆ. ಅದನ್ನು ಬಿಚ್ಚಿ ಒಳಗೆ ನೋಡುವ ಆಸೆ ಬೇಡ, ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಹೊಸದು ಅದೇ ಮಾದರಿಯದಾ ಅಂತ ನಂಬರ್ ಹೋಲಿಸಿ ನೋಡು. ಸಲೀಸಾಗಿ ಕೂರದಿದ್ದರೆ ಗುದ್ದಬೇಡ, ಹೊರಗೆ ತೆಗೆದು ಕನೆಕ್ಟರ್ ನೋಡು.

ಸ್ಕ್ರೂ ಬಿಗಿ ಮಾಡುವ ಕೆಲಸಕ್ಕೆ ಜಾಸ್ತಿ ಸಮಯ ಕೊಡು. ಸಡಿಲ ಸ್ಕ್ರೂ ಅವತ್ತೇನೂ ತೊಂದರೆ ಕೊಡುವುದಿಲ್ಲ, ಲೋಡ್ ಏರಿದ ದಿನ ಬಿಸಿಯಾಗಿ ಪ್ಲಾಸ್ಟಿಕ್ ಕರಗಿಸುತ್ತದೆ. ಕೈಪಿಡಿಯಲ್ಲಿ ಹೇಳಿದ ಟಾರ್ಕ್ (ಬಿಗಿಯುವ ಬಲ) ಕೊಟ್ಟು ವೈರನ್ನು ಎಳೆದು ನೋಡು. ಟರ್ಮಿನಲ್ ಹೊರಗೆ ಬರಿ ತಾಮ್ರ ಕಾಣಬಾರದು. ಪೋಲಾರಿಟಿ, ಅಂದರೆ ಪ್ಲಸ್ ಮೈನಸ್ ಸರಿಯಿದೆಯಾ ಅಂತ, ಇನ್ನೊಮ್ಮೆ ನೋಡಿ, ಕವರ್ ಹಾಕಿ, ಆಮೇಲೆ ಬ್ರೇಕರ್ ಏರಿಸು.

ಎರಡೂ ದೀಪ ಹಸಿರಾದ ಮೇಲೂ ತಕ್ಷಣ ಹೊರಡಬೇಡ. ಲಾಗಿನ್ ಆಗಿ ಎರಡೂ ಸಪ್ಲೈ ಲೋಡ್ ಹಂಚಿಕೊಂಡಿವೆಯಾ, ಅಲಾರಂ ಹೋಗಿದೆಯಾ ನೋಡು. ಬ್ರೇಕರ್ ಲೇಬಲ್ ತಪ್ಪಿದ್ದರೆ ಅವತ್ತೇ ಸರಿಮಾಡು.

ನಿನ್ನ ದೊಡ್ಡಪ್ಪ